ಸೀಟಿ ಹೊಡೆದರಷ್ಟೇ ಅಭಿಮಾನಿಯೆ?

ಅಭಿಮಾನಿ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಶುಕ್ರವಾರದ ಮೊದಲ ಆಟ. ಟಾಕೀಸಿನ ಮುಂದೆ ಮುಗಿಲೆತ್ತರದ ಕಟೌಟು. ಅದಕ್ಕೆ ಹಾಲಿನ ಅಭಿಷೇಕ, ಮಾರುದ್ದ ಹಾರ, ಪಟಾಕಿ, ಸೀಟಿ! ತಪ್ಪೇನಿಲ್ಲ. ಅಂಥ ಸಂಘಗಳ ಪೋಸ್ಟರು, ಹ್ಯಾಂಡ್‌ಬಿಲ್ಲು, ರಸೀದಿ ಪುಸ್ತಕ ಅಚ್ಚು ಹಾಕಿ ಅನ್ನ ತಿನ್ನುವವನು ನಾನು. ಅವರನ್ನು ದೂರುವಷ್ಟು ಕೃತಘ್ನನಲ್ಲ.

ಆದರೆ ಒಂದು ಪ್ರಶ್ನೆ. ಪುಸ್ತಕಕ್ಕೆ ಅಭಿಮಾನಿ ಸಂಘ ಕಟ್ಟಿದವರನ್ನು ನೀವು ನೋಡಿದ್ದೀರಾ? "ಇವರ ಮುಂದಿನ ಕಾದಂಬರಿ ಯಾವಾಗ?" ಎಂದು ಕಾದು ಕೂತವರನ್ನು, ಬಂದ ದಿನವೇ ಕೊಂಡು ರಾತ್ರಿಯೆಲ್ಲ ಓದಿ, ಬೆಳಿಗ್ಗೆ ಗೆಳೆಯನ ಜೊತೆ ಜಗಳ ತೆಗೆದವರನ್ನು ನೋಡಿದ್ದೀರಾ? ನೋಡಿದ್ದರೆ ನೀವು ಪುಣ್ಯವಂತರು. ನಾನು ನೋಡುತ್ತಿರುವುದು ಬೇರೆ. ಬಿಡುಗಡೆ ಸಮಾರಂಭದ ದಿನ ವೇದಿಕೆಯ ಮೇಲೆ ಹನ್ನೆರಡು ಜನ, ಕೆಳಗೆ ಹನ್ನೊಂದು ಜನ. ಆಮೇಲೆ ಉಳಿದ ಕಟ್ಟುಗಳು ಗ್ರಂಥಾಲಯದ ಸಗಟು ಖರೀದಿಯ ದಾರಿ ಕಾಯುತ್ತ ಲೇಖಕರ ಮನೆಯ ಮಂಚದ ಕೆಳಗೆ ಮಲಗುತ್ತವೆ. ಗೆದ್ದಲಿಗಾದರೂ ಸಾಹಿತ್ಯದ ರುಚಿ ಹತ್ತುತ್ತದೆ!

ಪುಸ್ತಕವನ್ನು ಬದುಕಿಸುವವರು ಯಾರು? ಸರ್ಕಾರವೇ? ಅಕಾಡೆಮಿಯೇ? ಪ್ರಶಸ್ತಿ ಸಮಿತಿಯೇ? ಇವರಾರೂ ಅಲ್ಲ, ಓದುಗ ಎಂದು ನಾನು ಹೇಳುತ್ತೇನೆ. ಬಾಯಿಮಾತಿಗಲ್ಲ. ಸುಮಾರು ನೂರು ವರ್ಷದ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ. ಆ ಲೆಕ್ಕ ಸಿಗುವುದು ವಿಜ್ಞಾನ ಕಥೆ ಮತ್ತು ಅದ್ಭುತ ಕಥೆಗಳ ಓದುಗರಲ್ಲಿ. ನಾನು ಪಿ.ಯು.ಸಿ. ಓದಿ ಅಚ್ಚಿನ ಮನೆ ಸೇರಿದವನು. ಪಾಂಡಿತ್ಯ ತೋರಿಸಲು ಇದನ್ನು ಬರೆಯುತ್ತಿಲ್ಲ. ಶಾಯಿ, ಕಾಗದದ ಜೊತೆ ದಿನ ಕಳೆಯುವವನ ಕಣ್ಣಿಗೆ ಬಿದ್ದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ, ಅಷ್ಟೇ.

ಎಲ್ಲ ಶುರುವಾದದ್ದು ವಿಳಾಸದಿಂದ

1926ರ ಏಪ್ರಿಲ್. ಅಮೆರಿಕದಲ್ಲಿ 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಪತ್ರಿಕೆ ಬಂತು. ಬೆಲೆ 25 ಸೆಂಟು. ತಂದವನು ಹ್ಯೂಗೋ ಗರ್ನ್ಸ್‌ಬ್ಯಾಕ್. ಲಕ್ಸೆಂಬರ್ಗಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು. ಬರೀ ವಿಜ್ಞಾನ ಕಥೆಗಳಿಗೆಂದೇ ಇಂಗ್ಲಿಷಿನಲ್ಲಿ ಹೊರಟ ಮೊದಲ ಪತ್ರಿಕೆ ಅದು. ಮೊದಲ ಸಂಚಿಕೆಯಲ್ಲಿ ಒಂದೇ ಒಂದು ಹೊಸ ಕಥೆ ಇರಲಿಲ್ಲ ಎಂಬುದನ್ನು ನೆನಪಿಡಿ. ಜೂಲ್ಸ್ ವರ್ನ್, ಎಚ್.ಜಿ. ವೆಲ್ಸ್, ಎಡ್ಗರ್ ಅಲನ್ ಪೋ ಇಂಥವರ ಹಳೆಯ ಸರಕನ್ನೇ ಮರುಮುದ್ರಣ ಮಾಡಿದ್ದರು. ಈ ಮಾತಿಗೆ ಆಮೇಲೆ ಬರುತ್ತೇನೆ.

ಆ ಪತ್ರಿಕೆಯಲ್ಲಿ ಓದುಗರ ಪತ್ರಗಳ ಅಂಕಣವಿತ್ತು. ಪತ್ರದ ಕೆಳಗೆ ಬರೆದವರ ಹೆಸರಷ್ಟೇ ಅಲ್ಲ, ಅವರ ವಿಳಾಸವೂ ಅಚ್ಚಾಗುತ್ತಿತ್ತು. ಅಷ್ಟೇ ಸಾಕಾಯಿತು! ಊರಿಗೊಬ್ಬನಂತೆ ಒಂಟಿಯಾಗಿದ್ದ ಹುಡುಗರಿಗೆ ತನ್ನಂಥವನು ಇನ್ನೊಂದು ಊರಲ್ಲಿದ್ದಾನೆ ಎಂದು ಗೊತ್ತಾಯಿತು. ಸಂಪಾದಕನನ್ನು ಬಿಟ್ಟು ಅವರವರೇ ಪತ್ರ ಬರೆದುಕೊಳ್ಳತೊಡಗಿದರು. 1930ರಲ್ಲಿ ಷಿಕಾಗೋದಲ್ಲಿ ಇಂಥ ಪತ್ರಮಿತ್ರರ ಗುಂಪೊಂದು 'ದಿ ಕಾಮೆಟ್' ಎಂಬ ಪತ್ರಿಕೆ ತಂದಿತು. ಓದುಗರೇ ಓದುಗರಿಗಾಗಿ ಮಾಡಿಕೊಂಡ ಇಂಥ ಪತ್ರಿಕೆಗಳಿಗೆ 'ಫ್ಯಾನ್‌ಜೀನ್' ಎಂಬ ಹೆಸರು ಬಂದದ್ದು 1940ರಲ್ಲಿ.

ಅದನ್ನು ಅಚ್ಚು ಹಾಕುತ್ತಿದ್ದದ್ದು ಹೇಗೆ? ಪ್ರೆಸ್ಸಿಗೆ ಕೊಡಲು ಅವರ ಜೇಬಿನಲ್ಲಿ ದುಡ್ಡಿರಲಿಲ್ಲ. ಸೈಕ್ಲೋಸ್ಟೈಲ್! ನಮ್ಮ ಶಾಲೆಗಳ ಪ್ರಶ್ನೆಪತ್ರಿಕೆ, ಸಂಘಗಳ ಸುತ್ತೋಲೆ ಒಂದು ಕಾಲಕ್ಕೆ ಬರುತ್ತಿದ್ದವಲ್ಲ, ಅದೇ ವಿಧಾನ. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ರಿಬ್ಬನ್ ಇಲ್ಲದೆ ಟೈಪು ಹೊಡೆಯುವುದು, ಕೈಯಿಂದ ಹಿಡಿಕೆ ತಿರುಗಿಸುವುದು, ಪಿನ್ ಹೊಡೆದು ಅಂಚೆಗೆ ಹಾಕುವುದು. ಅದಕ್ಕೂ ಗತಿಯಿಲ್ಲದವರು ಜಿಲಾಟಿನ್ ತಟ್ಟೆಯ ಮೇಲೆ ನೇರಳೆ ಶಾಯಿ ಹಿಡಿಸಿ ನಲವತ್ತೈವತ್ತು ಪ್ರತಿ ಎಬ್ಬಿಸುತ್ತಿದ್ದರು. ಇದಕ್ಕೆ ಚಂದಾ? ಅನೇಕ ಪತ್ರಿಕೆಗಳಿಗೆ ಚಂದಾ ಎಂದರೆ ಒಂದು ಪತ್ರ. ಓದಿ ನಾಲ್ಕು ಸಾಲು ಬರೆದು ಕಳಿಸು, ಇಲ್ಲವೇ ನೀನು ಮಾಡಿದ ಪತ್ರಿಕೆ ಕಳಿಸು, ಮುಂದಿನ ಸಂಚಿಕೆ ನಿನ್ನ ಮನೆ ಬಾಗಿಲಿಗೆ ಬರುತ್ತದೆ. ಬೈದು ಬರೆದರೂ ನಡೆಯುತ್ತಿತ್ತು, ಬರೆಯದೆ ಕೂತರೆ ಮಾತ್ರ ನಡೆಯುತ್ತಿರಲಿಲ್ಲ.

1937ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಮೆರಿಕದ ಡೊನಾಲ್ಡ್ ವೊಲ್‌ಹೈಮ್ ಮತ್ತು ಗೆಳೆಯರು ಒಂದು ಕೂಟ ಮಾಡಿದರು. ಪ್ರತಿಯೊಬ್ಬ ಸದಸ್ಯನೂ ತನ್ನ ಪತ್ರಿಕೆಯನ್ನು ಎಲ್ಲರಿಗೂ ಆಗುವಷ್ಟು ಪ್ರತಿ ತೆಗೆದು ಒಂದು ಕಡೆ ಕಳಿಸಬೇಕು. ಅಲ್ಲಿ ಎಲ್ಲವನ್ನೂ ಕಟ್ಟು ಮಾಡಿ ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಹಂಚುವುದು. ಏನೂ ಬರೆಯದೆ ಬಿಟ್ಟಿ ಓದುವ ಸೋಮಾರಿಗೆ ಅಲ್ಲಿ ಜಾಗವಿಲ್ಲ! ನಮ್ಮ ಸಂಘಗಳಲ್ಲಿ ಈ ನಿಯಮ ಜಾರಿಗೆ ತಂದರೆ ಎಷ್ಟು ಜನ ಪದಾಧಿಕಾರಿಗಳು ಉಳಿಯುತ್ತಾರೆ, ನೀವೇ ಲೆಕ್ಕ ಹಾಕಿ.

ಸ್ಟೆನ್ಸಿಲ್ ಹಾಳೆಯಿಂದ ಎದ್ದು ಬಂದವರು

"ಹುಡುಗಾಟ, ಕಾಲಹರಣ" ಎನ್ನುತ್ತೀರಾ? ಹಾಗಾದರೆ ಕೇಳಿ.

1933ರಲ್ಲಿ ಕ್ಲೀವ್‌ಲ್ಯಾಂಡಿನ ಇಬ್ಬರು ಹೈಸ್ಕೂಲು ಹುಡುಗರು 'ಸೈನ್ಸ್ ಫಿಕ್ಷನ್' ಎಂಬ ಸೈಕ್ಲೋಸ್ಟೈಲ್ ಪತ್ರಿಕೆ ತಂದರು. ಜೆರ್ರಿ ಸೀಗಲ್, ಜೋ ಶುಸ್ಟರ್ ಅವರ ಹೆಸರು. ಅದರಲ್ಲಿ ಸೂಪರ್‌ಮ್ಯಾನ್ ಎಂಬ ಪಾತ್ರದ ಒಂದು ಕಥೆ. ಅಲ್ಲಿ ಅವನು ಖಳನಾಯಕ. ಅದನ್ನೇ ತಿದ್ದಿ ತೀಡಿ ನಾಯಕನನ್ನಾಗಿ ಮಾಡಿದರು. 1938ರಲ್ಲಿ ಅದು ಅಚ್ಚಾಯಿತು. ಇವತ್ತು ನಮ್ಮ ಹಳ್ಳಿಯ ಸಂತೆಯಲ್ಲೂ ಮಗುವಿನ ಅಂಗಿಯ ಮೇಲೆ ಕಾಣುವ ಆ ಸೂಪರ್‌ಮ್ಯಾನ್ ಹುಟ್ಟಿದ ಮನೆ ಅಭಿಮಾನಿ ಪತ್ರಿಕೆ. ಆ ಹುಡುಗರು ಹಕ್ಕನ್ನೆಲ್ಲ 130 ಡಾಲರಿಗೆ ಮಾರಿ ಮೋಸ ಹೋದದ್ದು ಬೇರೆ ದುಃಖದ ಕಥೆ.

ಲಾಸ್ ಏಂಜಲಿಸಿನ ಬೀದಿಯಲ್ಲಿ ದಿನಪತ್ರಿಕೆ ಮಾರುತ್ತಿದ್ದ ಒಬ್ಬ ಹುಡುಗ 1939ರಲ್ಲಿ 'ಫ್ಯೂಚುರಿಯಾ ಫ್ಯಾಂಟೇಸಿಯಾ' ಎಂಬ ಸೈಕ್ಲೋಸ್ಟೈಲ್ ಪತ್ರಿಕೆ ತಂದ. ನಾಲ್ಕೇ ಸಂಚಿಕೆ. ಕಾಲೇಜಿನ ಮೆಟ್ಟಿಲು ಹತ್ತದ ಅವನಿಗೆ ಸಾರ್ವಜನಿಕ ಗ್ರಂಥಾಲಯವೇ ವಿಶ್ವವಿದ್ಯಾಲಯ. ಅವನೇ ರೇ ಬ್ರಾಡ್ಬರಿ. ಪುಸ್ತಕ ಸುಡುವ ರಾಜ್ಯದ ಕಥೆಯಾದ 'ಫ್ಯಾರನ್‌ಹೀಟ್ 451' ಬರೆದವನು. ಅದರ ಕರಡನ್ನು ವಿಶ್ವವಿದ್ಯಾಲಯವೊಂದರ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಅರ್ಧ ಗಂಟೆಗೆ 10 ಸೆಂಟು ನಾಣ್ಯ ಹಾಕಿದರೆ ಓಡುವ ಬಾಡಿಗೆ ಟೈಪ್‌ರೈಟರಿನಲ್ಲಿ ಹೊಡೆದ.

ಇನ್ನೊಬ್ಬರು ನಮಗೆ ಇನ್ನೂ ಹತ್ತಿರ. 1937ರ ಜನವರಿ 3ರಂದು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ವಿಜ್ಞಾನ ಕಥೆಯ ಓದುಗರ ಒಂದು ಸಮಾವೇಶ ನಡೆಯಿತು. ಸಮಾವೇಶ ಎಂದರೆ ಶಾಮಿಯಾನ, ಊಟದ ಕೂಪನ್ನು ಅಂದುಕೊಳ್ಳಬೇಡಿ. ಸೇರಿದ್ದವರು ಸುಮಾರು ಇಪ್ಪತ್ತು ಜನ! ಅವರಲ್ಲಿ ಒಬ್ಬ ತರುಣ ಆರ್ಥರ್ ಸಿ. ಕ್ಲಾರ್ಕ್. ಭೂಮಿಯ ಸುತ್ತ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಸಂಪರ್ಕ ಕೊಡಬಹುದು ಎಂದು 1945ರಲ್ಲಿ ಲೇಖನ ಬರೆದದ್ದು ಇದೇ ಕ್ಲಾರ್ಕ್. ನಿಮ್ಮ ಮನೆ ಮೇಲಿನ ಡಿಶ್ ಆಂಟೆನಾ ಮುಖ ಮಾಡಿರುವುದು ಅಂಥ ಉಪಗ್ರಹದ ಕಡೆಗೆ. ನಮ್ಮ ದೇಶದ ಅಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ಹಾಸನದಲ್ಲಿ. ಇಪ್ಪತ್ತು ಜನ ಹುಚ್ಚರ ಸಭೆ ಎಂದು ಅವತ್ತು ಯಾರಾದರೂ ನಕ್ಕಿದ್ದರೆ, ಇವತ್ತು ಅವರ ಮೊಮ್ಮಕ್ಕಳು ಆ ಡಿಶ್ಶಿನ ಕೆಳಗೆ ಕೂತು ಧಾರಾವಾಹಿ ನೋಡುತ್ತಿರುತ್ತಾರೆ.

ಜಗಳವಿಲ್ಲದ ಸಂಘ ಉಂಟೆ?

ಅವರೆಲ್ಲ ದೇವತೆಗಳು ಎಂದು ನಾನು ಹೇಳುತ್ತಿಲ್ಲ. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮಾವೇಶ ನಡೆಯಿತು. ಸುಮಾರು 200 ಜನ ಬಂದಿದ್ದರು. ಬಾಗಿಲಲ್ಲೇ ಜಗಳ! ಎಡಪಂಥದ ಒಲವಿದ್ದ ಗುಂಪಿನ ಆರು ಜನರನ್ನು ಸಂಘಟಕರು ಒಳಗೆ ಬಿಡಲಿಲ್ಲ. ಹೊರಗೆ ನಿಂತವರಲ್ಲಿ ವೊಲ್‌ಹೈಮ್ ಒಬ್ಬ, ಮುಂದೆ ಹೆಸರಾಂತ ಸಂಪಾದಕ, ಲೇಖಕನಾದ ಫ್ರೆಡರಿಕ್ ಪೋಲ್ ಇನ್ನೊಬ್ಬ. ಇಬ್ಬರು ಸೇರಿದರೆ ಮೂರು ಸಂಘ ಎಂಬ ರೋಗ ನಮಗೊಬ್ಬರಿಗೇ ಬಂದದ್ದಲ್ಲ ಎಂದು ಸಮಾಧಾನ ಮಾಡಿಕೊಳ್ಳೋಣ.

ಆದರೆ ಒಂದು ವ್ಯತ್ಯಾಸ ಗಮನಿಸಿ. ಜಗಳವಾಡಿದವರು ಯಾರೂ ಓದುವುದನ್ನು ಬಿಡಲಿಲ್ಲ. ವೊಲ್‌ಹೈಮ್ ಹೊರಗೆ ನಿಂತು ಅಳುತ್ತ ಕೂರಲಿಲ್ಲ. 1971ರಲ್ಲಿ ಹೆಂಡತಿ ಎಲ್ಸಿಯ ಜೊತೆ ಸೇರಿ ವಿಜ್ಞಾನ ಕಥೆ ಮತ್ತು ಅದ್ಭುತ ಕಥೆಗಳಿಗೆಂದೇ ಮೀಸಲಾದ 'ಡಾ ಬುಕ್ಸ್' ಪ್ರಕಾಶನ ಕಟ್ಟಿದ. ಸಮಾವೇಶವೂ ನಿಲ್ಲಲಿಲ್ಲ. ಮಹಾಯುದ್ಧದ ಕಾರಣಕ್ಕೆ 1942ರಿಂದ 1945ರವರೆಗೆ ಬಿಟ್ಟುಹೋದದ್ದು ಬಿಟ್ಟರೆ ಇಂದಿಗೂ ನಡೆಯುತ್ತಿದೆ. ಅದನ್ನು ನಡೆಸುವವರು ಸಂಬಳವಿಲ್ಲದ ಓದುಗರು. ಅಲ್ಲಿಗೆ ಹೋಗುವವನು ಟಿಕೆಟ್ ಕೊಳ್ಳುವ ಪ್ರೇಕ್ಷಕನಲ್ಲ, ಶುಲ್ಕ ಕೊಟ್ಟ ಸದಸ್ಯ.

ಇಪ್ಪತ್ತು ಸೆಂಟಿನ ಮರ್ಯಾದೆ

ಈಗ ಹೇಳುವುದನ್ನು ನಮ್ಮ ವಾಟ್ಸಾಪ್ ವೀರರು ಕಿವಿಗೊಟ್ಟು ಕೇಳಬೇಕು.

1965ರಲ್ಲಿ ಅಮೆರಿಕದ ಏಸ್ ಬುಕ್ಸ್ ಎಂಬ ಸಂಸ್ಥೆ ಜೆ.ಆರ್.ಆರ್. ಟೋಲ್ಕಿನ್ ಅವರ 'ಲಾರ್ಡ್ ಆಫ್ ದಿ ರಿಂಗ್ಸ್' ಅದ್ಭುತ ಕಾದಂಬರಿಯ ಅಗ್ಗದ ಮುದ್ರಣ ತಂದಿತು. ಒಂದು ಸಂಪುಟಕ್ಕೆ 75 ಸೆಂಟು. ಲೇಖಕನ ಅನುಮತಿಯಿಲ್ಲ, ಗೌರವಧನವಿಲ್ಲ. ಅಲ್ಲಿ ಸಂಪಾದಕನಾಗಿದ್ದವನು ಬೇರೆ ಯಾರೂ ಅಲ್ಲ, ಅದೇ ವೊಲ್‌ಹೈಮ್! ಮೊದಲ ಪ್ರಕಾಶಕರು ಬ್ರಿಟನ್ನಿನಲ್ಲಿ ಅಚ್ಚಾದ ಹಾಳೆಗಳನ್ನು ತರಿಸಿ ಅಮೆರಿಕದಲ್ಲಿ ಮಾರಿದ್ದರು, ಆದ್ದರಿಂದ ಇಲ್ಲಿನ ಕಾನೂನಿನ ಪ್ರಕಾರ ಹಕ್ಕುಸ್ವಾಮ್ಯ ಉಳಿದಿಲ್ಲ ಎಂಬುದು ಅವರ ವಾದ. ಕಾನೂನಿನ ಸಂದಿ ಸಿಕ್ಕಿತ್ತು, ನುಗ್ಗಿದರು. ಅದೇ ವರ್ಷ ಬ್ಯಾಲಂಟೈನ್ ಸಂಸ್ಥೆ ಅಧಿಕೃತ ಮುದ್ರಣ ತಂದಿತು. ಬೆಲೆ 95 ಸೆಂಟು. ಬದುಕಿರುವ ಲೇಖಕನ ಮೇಲೆ ಮರ್ಯಾದೆ ಇರುವವರು ಇದನ್ನೇ ಕೊಳ್ಳಿ ಎಂಬ ಅರ್ಥದ ಟೋಲ್ಕಿನ್ ಅವರ ಮಾತು ಅದರ ಹಿಂಬದಿಯಲ್ಲಿ ಅಚ್ಚಾಗಿತ್ತು. ಅಮೆರಿಕದಿಂದ ಪತ್ರ ಬರೆದ ಓದುಗರಿಗೂ ಅವರು ಇದನ್ನೇ ತಿಳಿಸುತ್ತಿದ್ದರು.

ಓದುಗರು ಏನು ಮಾಡಿದರು? ಅಗ್ಗದ್ದು ಅಂಗಡಿಯಲ್ಲೇ ಇದೆ. ಅಕ್ಷರ ಅದೇ, ಕಥೆ ಅದೇ. ಆದರೂ 20 ಸೆಂಟು ಹೆಚ್ಚು ಕೊಟ್ಟು ಲೇಖಕನಿಗೆ ಸೇರುವ ಪುಸ್ತಕವನ್ನೇ ಕೊಂಡರು. ಊರೂರಲ್ಲಿ ಸುದ್ದಿ ಹಬ್ಬಿಸಿದರು. ಕೊನೆಗೆ ಏಸ್ ಸಂಸ್ಥೆ ಟೋಲ್ಕಿನ್ ಅವರಿಗೆ ಗೌರವಧನ ಕೊಟ್ಟು, ಮತ್ತೆ ಅಚ್ಚು ಹಾಕುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಕೋರ್ಟಿನ ತೀರ್ಪು ಬೇಕಾಗಲಿಲ್ಲ. ಓದುಗನ ತೀರ್ಪೇ ಸಾಕಾಯಿತು.

ನಮ್ಮಲ್ಲಿ? ಈಗಷ್ಟೇ ಬಂದ ಕಾದಂಬರಿಯ ಪಿಡಿಎಫ್ ಗುಂಪಿಗೆ ಬಿದ್ದರೆ ಸಾಲಾಗಿ ಕೈಮುಗಿದ ಚಿತ್ರಗಳು! "ಸಾರ್, ಎರಡನೇ ಭಾಗವೂ ಇದ್ದರೆ ಹಾಕಿ" ಎಂಬ ಬೇಡಿಕೆ ಬೇರೆ. ಕದ್ದ ಮಾಲಿಗೆ ಧನ್ಯವಾದ ಹೇಳುವ ಬಾಯಿಯಲ್ಲೇ ಸಾಹಿತ್ಯ ಪ್ರೇಮದ ಭಾಷಣ. ಆ ಲೇಖಕ ಇನ್ನೊಂದು ಪುಸ್ತಕ ಹೇಗೆ ಬರೆಯಬೇಕು? ಕಾಗದದವನಿಗೆ, ಬೈಂಡಿಂಗಿನವನಿಗೆ ಯಾರು ದುಡ್ಡು ಕೊಡಬೇಕು? ಒಂದು ಮಸಾಲೆ ದೋಸೆ, ಒಂದು ಕಾಫಿ ಬಿಟ್ಟರೆ ಕೊಳ್ಳಬಹುದಾದ ಪುಸ್ತಕವನ್ನು ಕದ್ದು ಓದುವವನು ಓದುಗನೂ ಅಲ್ಲ, ಅಭಿಮಾನಿಯಂತೂ ಅಲ್ಲವೇ ಅಲ್ಲ.

ಹೊಸ ಪುಸ್ತಕದ ಲೆಕ್ಕ ಇಡುವವರು

1968ರಲ್ಲಿ ಚಾರ್ಲ್ಸ್ ಬ್ರೌನ್ ಮತ್ತು ಗೆಳೆಯರು 'ಲೋಕಸ್' ಎಂಬ ಸುದ್ದಿಹಾಳೆ ಶುರು ಮಾಡಿದರು. ವಿಶ್ವ ಸಮಾವೇಶ ಬಾಸ್ಟನ್ನಿಗೆ ಬರಲಿ ಎಂದು ಪ್ರಚಾರ ಮಾಡುವುದು ಅದರ ಮೊದಲ ಉದ್ದೇಶ. ಬೆಳೆದು ಆ ಲೋಕದ ಪಂಚಾಂಗವೇ ಆಯಿತು. ಯಾರ ಪುಸ್ತಕ ಯಾವ ತಿಂಗಳು ಬರಲಿದೆ, ಯಾರು ಅಚ್ಚು ಹಾಕುತ್ತಿದ್ದಾರೆ, ಬಂದದ್ದು ಹೇಗಿದೆ, ವರ್ಷದಲ್ಲಿ ಓದಲೇಬೇಕಾದವು ಯಾವುವು, ಎಲ್ಲವೂ ಅದರಲ್ಲಿ ಸಿಗುತ್ತವೆ. ಅಲ್ಲಿನ ಓದುಗ ಮುಂದಿನ ವರ್ಷದ ಪುಸ್ತಕಕ್ಕೆ ಈ ವರ್ಷವೇ ಕಾಯುತ್ತಾನೆ. ಹೋದ ತಿಂಗಳು ಕನ್ನಡದಲ್ಲಿ ಬಂದ ಐದು ಕಾದಂಬರಿಗಳ ಹೆಸರು ಹೇಳಿ ಎಂದರೆ ನೀವು, ನಾನು ತಲೆ ಕೆರೆದುಕೊಳ್ಳುತ್ತೇವೆ.

ಇನ್ನು ಪ್ರಶಸ್ತಿ. ಗರ್ನ್ಸ್‌ಬ್ಯಾಕ್ ಹೆಸರಲ್ಲಿ 'ಹ್ಯೂಗೋ' ಪ್ರಶಸ್ತಿ 1953ರಲ್ಲಿ ಶುರುವಾಯಿತು. ಲೇಖಕರಿಗೆ ಸರಿಯಾಗಿ ದುಡ್ಡು ಕೊಡದವನು ಎಂಬ ಕೆಟ್ಟ ಹೆಸರೂ ಆ ಮನುಷ್ಯನಿಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪ್ರಶಸ್ತಿಯ ರೀತಿ ನೋಡಿ. ಆಯ್ಕೆ ಸಮಿತಿಯಿಲ್ಲ, ಮಂತ್ರಿಯ ಶಿಫಾರಸಿಲ್ಲ, ಜಾತಿ ಜಿಲ್ಲೆಗಳ ಲೆಕ್ಕವಿಲ್ಲ. ಸಮಾವೇಶದ ಸದಸ್ಯರಾದ ಓದುಗರೇ ಹೆಸರು ಸೂಚಿಸುತ್ತಾರೆ, ಅವರೇ ಮತ ಹಾಕುತ್ತಾರೆ. ಮತಪತ್ರದಲ್ಲಿ 'ಯಾರಿಗೂ ಬೇಡ' ಎಂಬ ಸಾಲೂ ಉಂಟು. ನಮ್ಮ ಚುನಾವಣೆಗೆ ನೋಟಾ ಬಂದದ್ದು 2013ರಲ್ಲಿ, ಅದು ಗೆದ್ದರೂ ಅಭ್ಯರ್ಥಿ ಸೋಲುವುದಿಲ್ಲ. ಅಲ್ಲಿ ಹಾಗಲ್ಲ. 2015ರಲ್ಲಿ ಕೆಲವರು ಪಟ್ಟಿ ಮಾಡಿಕೊಂಡು ಗುಂಪಾಗಿ ಹೆಸರು ಸೂಚಿಸಿ ಕಣವನ್ನೇ ತುಂಬಿಬಿಟ್ಟರು. ಸಿಟ್ಟಿಗೆದ್ದ ಓದುಗರು ಸುಮಾರು 6,000 ಮಂದಿ ಮತ ಹಾಕಿ, ಐದು ವಿಭಾಗಗಳಲ್ಲಿ 'ಯಾರಿಗೂ ಬೇಡ' ಎಂದು ತೀರ್ಪು ಕೊಟ್ಟರು. ಆಮೇಲೆ ನಿಯಮವನ್ನೂ ತಿದ್ದಿದರು.

ಅದೇ 2015ರಲ್ಲಿ ಉತ್ತಮ ಕಾದಂಬರಿಯ ಹ್ಯೂಗೋ ಹೋದದ್ದು ಚೀನೀ ಭಾಷೆಯಿಂದ ಅನುವಾದವಾದ ಪುಸ್ತಕಕ್ಕೆ! ಲಿಯು ಸಿಶಿನ್ ಬರೆದ 'ಮೂರು ಕಾಯಗಳ ಸಮಸ್ಯೆ' ಎಂಬ ಕಾದಂಬರಿ ಅದು. ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದ ಅವರು ತಮ್ಮ ಭಾಷೆಯಲ್ಲೇ ಬರೆದರು. 2006ರಲ್ಲಿ ಚೆಂಗ್ಡು ನಗರದ ವಿಜ್ಞಾನ ಕಥಾ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದನ್ನು 2014ರಲ್ಲಿ ಕೆನ್ ಲಿಯು ಇಂಗ್ಲಿಷಿಗೆ ತಂದರು. ಆ ಪತ್ರಿಕೆಯ ಸಂಪಾದಕರಲ್ಲಿ ಒಬ್ಬರಾದ ಯಾವ್ ಹಾಯ್‌ಜುನ್ ಯಾರು ಗೊತ್ತೆ? ಚೀನಾದ ಈಶಾನ್ಯ ಮೂಲೆಯ ಕಾಡಿನ ಸೀಮೆಯಲ್ಲಿ ಕಾರ್ಮಿಕನಾಗಿದ್ದುಕೊಂಡು 1988ರಲ್ಲಿ ಸಣ್ಣ ಅಭಿಮಾನಿ ಪತ್ರಿಕೆ ಶುರು ಮಾಡಿದವರು! 1980ರ ದಶಕದಲ್ಲಿ ಅಲ್ಲಿ ವಿಜ್ಞಾನ ಕಥೆಯನ್ನು ಸರ್ಕಾರಿ ಪ್ರಚಾರವೇ ಹಳಿದು ಪತ್ರಿಕೆಗಳು ಮುಚ್ಚಿಹೋಗಿದ್ದವು. ಅಂಥ ಕಾಲದಲ್ಲಿ ದೀಪ ಆರದಂತೆ ಕೈ ಅಡ್ಡ ಹಿಡಿದವರು ಓದುಗರು.

ಮುಂದಿನ ಕಥೆ ಕಹಿ. 2023ರಲ್ಲಿ ವಿಶ್ವ ಸಮಾವೇಶ ಚೆಂಗ್ಡುವಿನಲ್ಲೇ ನಡೆಯಿತು. ಸಾಕಷ್ಟು ಸೂಚನೆ ಪಡೆದಿದ್ದ ಆರ್.ಎಫ್. ಕ್ವಾಂಗ್ ಅವರ 'ಬೇಬಲ್' ಮುಂತಾದ ಕೃತಿಗಳನ್ನು ಕಾರಣ ಹೇಳದೆ ಅನರ್ಹ ಮಾಡಿದ್ದು 2024ರ ಜನವರಿಯಲ್ಲಿ ಅಂಕಿಅಂಶ ಹೊರಬಂದಾಗ ಗೊತ್ತಾಯಿತು. ಪ್ರಶಸ್ತಿಯ ಆಡಳಿತ ನೋಡುತ್ತಿದ್ದವರು ಲೇಖಕರ ರಾಜಕೀಯ ಅಭಿಪ್ರಾಯಗಳನ್ನು ಜಾಲಾಡಿದ್ದೂ ಬಯಲಾಯಿತು. ಇದನ್ನು ಬಯಲಿಗೆಳೆದದ್ದು ಲೆಕ್ಕ ಹಿಡಿದು ಕೂತ ಅಭಿಮಾನಿಗಳೇ. ಕೆಲವರು ಹುದ್ದೆ ಬಿಟ್ಟು ಇಳಿಯಬೇಕಾಯಿತು. ಮರುವರ್ಷ ಗ್ಲಾಸ್ಗೋದವರು ಪಾಠ ಕಲಿತಿದ್ದರು. 377 ಮತಗಳು ನಕಲಿ ಎಂದು ಪತ್ತೆ ಹಚ್ಚಿ, ಫಲಿತಾಂಶಕ್ಕೆ ಮುಂಚೆಯೇ ಜಗತ್ತಿಗೆ ಹೇಳಿ, ಅವನ್ನು ತಳ್ಳಿಹಾಕಿದರು. ತಪ್ಪು ಎಲ್ಲ ಕಡೆಯೂ ಆಗುತ್ತದೆ. ಕೇಳುವವರಿದ್ದ ಕಡೆ ಮಾತ್ರ ಅದು ಸರಿಯಾಗುತ್ತದೆ.

ನಮ್ಮಲ್ಲಿ ಏನಿತ್ತು? ಏನಾಯಿತು?

"ಅದೆಲ್ಲ ಅಮೆರಿಕದವರ ಮಾತು" ಎಂದು ಕೈ ತೊಳೆದುಕೊಳ್ಳಬೇಡಿ. 1963ರಲ್ಲಿ ಅದ್ರೀಶ್ ಬರ್ಧನ್ ಬಂಗಾಳಿಯಲ್ಲಿ 'ಆಶ್ಚರ್ಯ' ಎಂಬ ವಿಜ್ಞಾನ ಕಥಾ ಪತ್ರಿಕೆ ತಂದರು. 1966ರಲ್ಲಿ ಕಲ್ಕತ್ತೆಯಲ್ಲಿ ವಿಜ್ಞಾನ ಕಥಾ ಸಿನಿಮಾ ಕ್ಲಬ್ ಶುರುವಾದಾಗ ಸತ್ಯಜಿತ್ ರಾಯ್ ಅದರ ಅಧ್ಯಕ್ಷರಾದರು. ಮಹಾರಾಷ್ಟ್ರದ ಮರಾಠಿ ವಿಜ್ಞಾನ ಪರಿಷತ್ತು 1974ರಲ್ಲಿ ನಡೆಸಿದ ಕಥಾ ಸ್ಪರ್ಧೆಗೆ ದೊಡ್ಡ ವಿಜ್ಞಾನಿ ಜಯಂತ ನಾರ್ಳೀಕರ್ ಬೇರೆ ಹೆಸರಿಟ್ಟುಕೊಂಡು ಕಥೆ ಕಳಿಸಿ ಬಹುಮಾನ ಪಡೆದರು.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ದಶಕಗಳ ಕಾಲ ವಿಜ್ಞಾನ ಕಥೆ ಬರೆದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಪುಸ್ತಕಕ್ಕೆ ಜನ ಮುಗಿಬೀಳುತ್ತಿದ್ದ ಕಾಲ ಇತ್ತು. ಹಳದಿ ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೇ ಪತ್ತೇದಾರಿ ಕಾದಂಬರಿಕಾರರಾಗಿದ್ದರು. ಗಳಗನಾಥರು ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ನಮ್ಮಲ್ಲಿ ಪುಸ್ತಕ ಹೊತ್ತವನು ಲೇಖಕ. ಅಲ್ಲಿ ಹೊತ್ತವನು ಓದುಗ. ಲೇಖಕ ಸತ್ತರೆ ಹೊರೆ ನೆಲಕ್ಕೆ ಬೀಳುತ್ತದೆ, ಓದುಗ ಹೊತ್ತರೆ ಹೆಗಲಿಂದ ಹೆಗಲಿಗೆ ಹೋಗುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇದರಲ್ಲೇ ಎಲ್ಲ ಇದೆ.

"ಕನ್ನಡದಲ್ಲಿ ಅಂಥ ಹೊಸ ಪುಸ್ತಕ ಎಲ್ಲಿ ಬರುತ್ತವೆ, ಹಿಂಬಾಲಿಸಲು?" ಎಂದು ಕೇಳುವವರಿದ್ದಾರೆ. ಆಗಲೇ ಹೇಳಿದೆನಲ್ಲ, ಅಮೇಜಿಂಗ್ ಸ್ಟೋರೀಸಿನ ಮೊದಲ ಸಂಚಿಕೆಯಲ್ಲಿ ಹೊಸ ಕಥೆ ಒಂದೂ ಇರಲಿಲ್ಲ. ಹಳೆಯದನ್ನೇ ಹಾಕಿದರು. ಓದುಗರು ಸೇರಿದರು, ಪತ್ರ ಬರೆದರು, ಪತ್ರ ಬರೆದವರೇ ಕಥೆ ಬರೆದರು. ಮೊದಲು ಕೆರೆ ತೋಡಿದರು, ಆಮೇಲೆ ನೀರು ಬಂತು. ನಾವು ನೀರು ಬರಲಿ, ಆಮೇಲೆ ಕೆರೆ ತೋಡೋಣ ಎಂದು ಕೂತಿದ್ದೇವೆ.

"ಇದೆಲ್ಲ ಹುಡುಗರ ಕಥೆ, ಸಾಹಿತ್ಯವಲ್ಲ" ಎನ್ನುವ ವಿದ್ವಾಂಸರಿಗೆ ನನ್ನ ಉತ್ತರ ಚಿಕ್ಕದು. ಸ್ವಾಮಿ, ಹುಡುಗರು ಮೊದಲು ಓದಲಿ. ಓದುವ ಚಟ ಹತ್ತಿದವನು ನಾಳೆ ನಿಮ್ಮ ಪುಸ್ತಕಕ್ಕೂ ಬರುತ್ತಾನೆ. ಚಟವೇ ಹತ್ತದವನು ಯಾರ ಪುಸ್ತಕಕ್ಕೂ ಬರುವುದಿಲ್ಲ.

ಮಾಡಬೇಕಾದದ್ದು ಇಷ್ಟೇ

ಲಕ್ಷ ಜನ ಬೇಡ. ಲೀಡ್ಸಿನಲ್ಲಿ ಇಪ್ಪತ್ತು ಜನ ಇದ್ದರು, ನಿಮ್ಮೂರಲ್ಲಿ ಐದು ಜನ ಸಾಕು. ತಿಂಗಳಿಗೊಮ್ಮೆ ಸೇರಿ. ಕನ್ನಡದಲ್ಲಿ ಬಂದ ಹೊಸ ಕಥೆ, ಕಾದಂಬರಿಗಳ ಪಟ್ಟಿ ಮಾಡಿ. ಯಾರು ಬರೆದದ್ದು, ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಎಂದು ಬರೆಯಿರಿ. ಓದಿದ ಪುಸ್ತಕದ ಬಗ್ಗೆ ನಾಲ್ಕು ನೇರ ಸಾಲು ಬರೆಯಿರಿ. ಹೊಗಳಿಕೆಯೇ ಬೇಕಿಲ್ಲ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನಿ. ಒಂದು ಎ-4 ಹಾಳೆಯ ಎರಡು ಬದಿಗೆ ಇಷ್ಟು ಹಿಡಿಯುತ್ತದೆ. ಅವರಿಗೆ ಜಿಲಾಟಿನ್ ತಟ್ಟೆ ಬೇಕಿತ್ತು, ನಿಮಗೆ ಮೂಲೆಗೊಂದು ಜೆರಾಕ್ಸ್ ಅಂಗಡಿ ಇದೆ. ಒಂದು ಪ್ರತಿಯನ್ನು ಲೇಖಕರಿಗೆ ಕಳಿಸಿ. ತನ್ನನ್ನು ಓದಿದವರು ಐದು ಜನ ಇದ್ದಾರೆ ಎಂದು ಗೊತ್ತಾದ ಲೇಖಕ ಆರನೆಯ ಪುಸ್ತಕ ಬರೆಯುತ್ತಾನೆ. ವರ್ಷದ ಕೊನೆಗೆ ನೀವೇ ಮತ ಹಾಕಿ, ವರ್ಷದ ಪುಸ್ತಕ ಯಾವುದೆಂದು ನೀವೇ ಸಾರಿ. ಶಾಲು, ಹಾರ, ಫಲತಾಂಬೂಲ ಏನೂ ಬೇಡ. ಮತ ಎಣಿಸಿದ ಲೆಕ್ಕವನ್ನು ಮಾತ್ರ ಎಲ್ಲರಿಗೂ ತೋರಿಸಿ.

ನನ್ನ ಪಾಲಿನದು ಹೇಳಿಬಿಡುತ್ತೇನೆ. ನನ್ನ ಪ್ರೆಸ್ಸಿನಲ್ಲಿ ಕಟಿಂಗ್ ಆಗಿ ಉಳಿಯುವ ಒಳ್ಳೆಯ ಕಾಗದ ದಿನವೂ ಗುಜರಿಗೆ ಹೋಗುತ್ತದೆ. ನಮ್ಮೂರಲ್ಲಿ ಇಂಥದೊಂದು ಹಾಳೆ ತರುವ ಹುಡುಗರು ಬಂದರೆ ಮೊದಲ ಆರು ಸಂಚಿಕೆ ಅದರಲ್ಲೇ ಬಿಟ್ಟಿ ಅಚ್ಚು ಹಾಕಿ ಕೊಡುತ್ತೇನೆ. ಏಳನೆಯದಕ್ಕೆ ದುಡ್ಡು ಕೇಳುತ್ತೇನೆ. ಆರು ಸಂಚಿಕೆ ಆದ ಮೇಲೆ ಓದುಗರು ದುಡ್ಡು ಕೊಡದೇ ಹೋದರೆ ಅದು ನಿಲ್ಲುವುದೇ ಒಳ್ಳೆಯದು.

ಬೇರೆ ಊರಿನ ಪ್ರೆಸ್ಸಿನವರೇ, ನೀವೇನಂತೀರಿ? ಓದುಗ ಮಹಾಶಯರೇ, ನಿಮ್ಮ ಐದು ಜನರ ಹೆಸರು ಬರೆದುಕೊಂಡಿರಾ?